ಮೆರುಗು ಕಾಯುವವರು

ಗಿಟಾರನ್ನು ಪೆಟ್ಟಿಗೆಯಿಂದ ಎತ್ತಿದಾಗ ಚರ್ ಎಂದು ಸಣ್ಣಗೆ ಸದ್ದಾಯಿತು, ಗಾಯಕ್ಕೆ ಅಂಟಿಸಿದ ಪ್ಲಾಸ್ಟರನ್ನು ಕಿತ್ತ ಹಾಗೆ. ತಿರುಗಿಸಿ ನೋಡುವ ಮೊದಲೇ ಏನಾಗಿದೆಯೆಂದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದರಿಂದಲೇ ತಿರುಗಿಸಲಿಲ್ಲ. ಮುಂಭಾಗವನ್ನೇ ನೋಡುತ್ತ ಮಂಚದ ತುದಿಯಲ್ಲಿ ಕುಳಿತಳು. ಮುಂಭಾಗಕ್ಕೆ ಏನೂ ಆಗಿರಲಿಲ್ಲ. ಜೇನುಬಣ್ಣದ ಹಲಗೆ, ಅದರ ಮೇಲೆ ಹಳೆಯ ಲ್ಯಾಕರಿನ ತೆಳ್ಳನೆಯ ಮೆರುಗು, ಮೇಲಂಚಿನಲ್ಲಿ ಮಾವನ ತೋಳು ವರ್ಷಗಟ್ಟಲೆ ಉಜ್ಜಿ ಉಜ್ಜಿ ಮೆರುಗೆಲ್ಲ ಹೋಗಿ ಬರೀ ಮರ ಕಾಣುತ್ತಿದ್ದ ಅಂಗೈಯಗಲದ ಜಾಗ. ಎಲ್ಲ ಇದ್ದ ಹಾಗೇ ಇತ್ತು. ಪೆಟ್ಟಿಗೆಯೊಳಗಿನಿಂದ ಮಾತ್ರ ಹೊಸ ರೇನ್‌ಕೋಟಿನ ವಾಸನೆ ಬರುತ್ತಿತ್ತು. ಬಚ್ಚಲಲ್ಲಿ ಗಂಡ ಗಡ್ಡ ಹೆರೆಯುತ್ತ ನಲ್ಲಿ ಬಿಟ್ಟಿದ್ದ. ನಲ್ಲಿ ನಿಲ್ಲುವುದರೊಳಗೆ ನೋಡಿಬಿಡಬೇಕು ಎಂದುಕೊಂಡಳು; ಆಮೇಲೆ ನೋಡಿದರೆ ಇಬ್ಬರೂ ಒಟ್ಟಿಗೆ ನೋಡಿದಂತಾಗುತ್ತದೆ, ಅದು ಬೇಡವಾಗಿತ್ತು. ತಿರುಗಿಸಿದಳು. ಹೆಗಲಿಗೆ ಹಾಕುವ ಬೆಲ್ಟು ಸಿಕ್ಕಿಸುವ ಕೆಳಗಿನ ಗುಂಡಿಯಿಂದ ಹೊರಟು, ಬೆನ್ನಿನ ಮೇಲೆ ಓರೆಯಾಗಿ, ಗಿಟಾರಿನ ಸೊಂಟದವರೆಗೆ ಮೂರು ಬೆರಳಗಲದ ದಾರಿಯೊಂದು ಬಿದ್ದಿತ್ತು. ಅಲ್ಲಿ ಲ್ಯಾಕರು ಮೆತ್ತಗಾಗಿ, ಸುಕ್ಕುಗಟ್ಟಿ, ಹಾಲಿನ ಕೆನೆಯಂತೆ ಮಡಚಿಕೊಂಡಿತ್ತು. ಬೆಲ್ಟಿನ ಅಂಚಿನ ಹೊಲಿಗೆಯ ಚುಕ್ಕೆಗಳು ಕೂಡ ಒಂದೊಂದಾಗಿ ಅಚ್ಚೊತ್ತಿದ್ದವು. ಬೆರಳಿಟ್ಟರೆ ಬೆರಳು ಅಂಟಿತು. ಅಂಟಿದ ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡಳು. ಸಂಕಟದ ಹಿಂದೆಯೇ, ಅದರ ಅಡಿಯಿಂದ, ಇನ್ನೊಂದು ಭಾವ ಮೆಲ್ಲಗೆ ತಲೆಯೆತ್ತಿತು. ಅದು ಸಂತೋಷವೆಂದು ಒಪ್ಪಿಕೊಳ್ಳಲು ಅವಳಿಗೆ ಧೈರ್ಯವಾಗಲಿಲ್ಲ.

ಗಿಟಾರು ಅವಳದಲ್ಲ. ಇದನ್ನು ಮೊದಲು ಹೇಳಬೇಕು, ಏಕೆಂದರೆ ಮನೆಯಲ್ಲಿ ಎಲ್ಲರೂ ಮೊದಲು ಹೇಳುತ್ತಿದ್ದದ್ದು ಇದನ್ನೇ. ಅದು ಮಾವನದಾಗಿತ್ತು. ಮಾವ ಹೋದ ಮೇಲೆ ಕೋಣೆ ಖಾಲಿ ಮಾಡುವಾಗ, ಗಡಿಯಾರ, ರೇಡಿಯೋ, ಕುರ್ಚಿ ಎಂದು ಒಂದೊಂದೇ ಸಾಮಾನು ಒಬ್ಬೊಬ್ಬರ ಕಡೆ ಸರಿಯುವಾಗ, ಮೈದುನ ಗಿಟಾರಿನ ಕುತ್ತಿಗೆ ಹಿಡಿದು, "ಇದೊಂದು ನನಗಿರಲಿ ಅಣ್ಣ" ಎಂದ. ಅವಳ ಗಂಡ, "ತಗೋಪ್ಪ, ಅದಕ್ಕೇನು" ಎಂದ. ಅವಳು ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಒರೆಸುತ್ತ ನಿಂತಿದ್ದಳು. ಮದುವೆಯಾಗಿ ಬಂದ ವರ್ಷದಿಂದ ಮಾವನ ಎದುರು ಕುಳಿತು ಕಲಿತವಳು ಅವಳು. ಮಾವನ ಕೈ ನಡುಗತೊಡಗಿದ ಮೇಲೆ ಅವರಿಗಾಗಿ ನುಡಿಸಿದವಳು ಅವಳು. ಇಬ್ಬರು ಗಂಡುಮಕ್ಕಳಿಗೂ ತಂತಿ ಮೀಟಿದರೆ ಬೆರಳು ನೋಯುತ್ತದೆ ಎನ್ನುವುದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಆದರೂ ಆ ಬಾಗಿಲಲ್ಲಿ ಅವಳ ಬಾಯಿಂದ ಮಾತು ಹೊರಡಲಿಲ್ಲ. ಸೊಸೆ ಎನ್ನುವವಳು ಕೇಳಿದರೆ ದುರಾಸೆ, ಕೇಳದಿದ್ದರೆ ದೊಡ್ಡ ಗುಣ. ಅವಳು ದೊಡ್ಡ ಗುಣ ಇಟ್ಟುಕೊಂಡಳು. ಆಮೇಲೆ ಮೈದುನನ ಮನೆಯ ಗೋಡೆಗೆ ತೇವ, ಮರ ಉಬ್ಬುತ್ತದೆ ಎಂದು ತಿಳಿದು ಅವನೇ, "ನಿಮ್ಮಲ್ಲೇ ಇರಲಿ ಅತ್ತಿಗೆ, ನುಡಿಸಿಕೊಳ್ಳಿ, ಆದರೆ..." ಎಂದ. ಆ 'ಆದರೆ' ದಿನದಿನಕ್ಕೆ ಬೆಳೆಯಿತು. ನುಡಿಸುವಾಗ ಗುಂಡಿಯಿಲ್ಲದ ಅಂಗಿ ಹಾಕಿಕೊಳ್ಳಬೇಕು. ಉಂಗುರ, ಬಳೆ, ವಾಚು ಬಿಚ್ಚಿಡಬೇಕು. ಬೆವರು ಲ್ಯಾಕರಿಗೆ ವಿಷ, ಆದ್ದರಿಂದ ಬಲತೋಳಿಗೆ ಬಟ್ಟೆ ಸುತ್ತಿಕೊಳ್ಳಬೇಕು. ಅವಳು ಗಂಡನ ಹಳೆಯ ಉಣ್ಣೆಯ ಕಾಲುಚೀಲದ ತುದಿ ಕತ್ತರಿಸಿ ತೋಳಿಗೆ ಏರಿಸಿಕೊಂಡಿದ್ದಳು. ಗಾಳಿಯಾಡದ ದೊಡ್ಡ ಗಟ್ಟಿ ಪೆಟ್ಟಿಗೆಯೊಂದನ್ನು ಮೈದುನನೇ ತಂದ. ಕರಿಯ, ಮಿರಿಮಿರಿ ಮಿಂಚುವ, ಒಳಗೆ ಸ್ಪಂಜು ತುಂಬಿದ ರೆಕ್ಸಿನ್ನಿನ ಬೆಲ್ಟನ್ನೂ ತಂದ. ಮಾವ ಬಳಸುತ್ತಿದ್ದ ಹಳೆಯ ಹತ್ತಿಯ ಪಟ್ಟಿ ಎಲ್ಲಿ ಹೋಯಿತೋ, ಕೇಳಿದರೆ "ಅದು ನಾರ್ತಾ ಇತ್ತು" ಎಂದ.

ಮೈದುನನ ಕೆಲಸವೂ ಹಾಗೇ. ವಿಮಾ ಕಂಪನಿಗೆ ಸರ್ವೇಯರು; ಜಜ್ಜಿದ ಕಾರುಗಳ ಸುತ್ತ ಕುಕ್ಕರಗಾಲಲ್ಲಿ ಸುತ್ತಿ, ಯಾವ ಗೀರು ಅಪಘಾತದ್ದು, ಯಾವುದು ಮೊದಲೇ ಇತ್ತು ಎಂದು ಹೇಳುವವನು. ಗಂಡಹೆಂಡಿರು ತಮ್ಮ ತಮ್ಮಲ್ಲಿ ಅವನನ್ನು ಸರ್ವೇಯರೆಂದೇ ಕರೆಯುತ್ತಿದ್ದರು. ಭಾನುವಾರ ಬಂದರೆ ಚಹಾ ಕುಡಿಯುವ ಮೊದಲು ಪೆಟ್ಟಿಗೆ ತೆಗೆದು, ಫೋನಿನ ಟಾರ್ಚನ್ನು ಹಲಗೆಯ ಮೇಲೆ ಅಡ್ಡಲಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. "ಇದು ಹಳೇದಾ ಅತ್ತಿಗೆ, ಹೊಸದಾ?" "ಹಳೇದು." "ಕಳೆದ ಸಲ ಇರಲಿಲ್ಲವಲ್ಲ?" ಒಡೆದ ಬಟ್ಟಲಿನ ಮುಂದೆ ನಿಂತ ಕೆಲಸದವಳಂತೆ ಅವಳು ಕೈ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಇವನೇ ಕಾಲೇಜಿಗೆ ಹೋಗುವಾಗ ಇದೇ ಮನೆಯ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ಅವನಿಗೆ ಜ್ವರ ಬಂದಾಗ ಅವಳು ಹಣೆಗೆ ಒದ್ದೆ ಬಟ್ಟೆ ಹಾಕಿದ್ದಳು. ಕೆಟ್ಟವನಲ್ಲ, ಅದೇ ಕಷ್ಟ. ಒಮ್ಮೆ ಟಾರ್ಚು ಆರಿಸುತ್ತ ನಗುನಗುತ್ತಲೇ ಹೇಳಿದ್ದ: "ಅಪ್ಪನ ಮಡಿಲಲ್ಲಿ ನನಗಿಂತ ಇದೇ ಜಾಸ್ತಿ ಕೂತಿದ್ದು." ಆ ಮಾತು ಅವಳಿಗೆ ಚುಚ್ಚಿತ್ತು. ಮಾವ ಸೊಸೆಗೆ ಕೊಟ್ಟ ಸಮಯವನ್ನು ಮಗನಿಗೆ ಕೊಟ್ಟಿರಲಿಲ್ಲ ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಇವನಿಗೆ ಸಿಕ್ಕಿದ್ದು ಮೆರುಗು ಮಾತ್ರ. ಆ ಮೆರುಗನ್ನು ಕಾಯುತ್ತಾನೆ, ಕಾಯಲಿ, ಎಂದು ಅವಳು ಉಣ್ಣೆಯ ಚೀಲವನ್ನು ತೋಳಿಗೆ ಏರಿಸಿಕೊಳ್ಳುತ್ತಲೇ ಇದ್ದಳು. ಉಣ್ಣೆ ಕಡಿಯುತ್ತಿತ್ತು. ಕಡಿತ ತಾಳದೆ ತಾಳ ತಪ್ಪುತ್ತಿತ್ತು.

ಹೋದ ತಿಂಗಳ ಒಂದು ಭಾನುವಾರ ಪರೀಕ್ಷೆ ಮುಗಿಸಿ ಅವನು ಸುದ್ದಿ ಹೇಳಿದ. ಮಾವ ಸದಸ್ಯರಾಗಿದ್ದ ಸಂಗೀತ ಸಂಘದ ಸಭಾಂಗಣಕ್ಕೆ ಹೊಸ ಸುಣ್ಣಬಣ್ಣವಾಗಿದೆ. ಬಾಗಿಲ ಪಕ್ಕದ ಗೋಡೆಯಲ್ಲಿ ಗಾಜಿನ ಕಪಾಟು ಮಾಡುತ್ತಿದ್ದಾರೆ. ಮಾವನ ಫೋಟೋ, ಕೆಳಗೆ ಗಿಟಾರು, ಒಳಗೆ ದೀಪ. "ಶಾಶ್ವತವಾಗಿ ಅಲ್ಲೇ ಇರುತ್ತೆ ಅತ್ತಿಗೆ. ಬಿಸಿಲಿಲ್ಲ, ಧೂಳಿಲ್ಲ, ಯಾರೂ ಮುಟ್ಟಲ್ಲ." ಅವನ ಕಣ್ಣು ಒದ್ದೆಯಾಗಿತ್ತು. ಗಂಡ, "ಅಪ್ಪನಿಗೆ ಒಳ್ಳೇ ಮರ್ಯಾದೆ" ಎಂದ. ಅವಳು, "ಹೌದು" ಎಂದಳು. ಹೌದು ಎಂದ ಬಾಯಿಯನ್ನು ಆ ರಾತ್ರಿ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನೋಡಿಕೊಂಡು ಅಸಹ್ಯಪಟ್ಟುಕೊಂಡಳು. ಅದಕ್ಕೂ ಮೊದಲು, ಅವನು ಮೆಟ್ಟಿಲಿಳಿದು ಹೋದ ಮೇಲೆ, ಗಿಟಾರನ್ನು ಒಳಗಿಡಲು ಹೋದಾಗ, ಒಂದು ಸಣ್ಣ ಸಂಗತಿ ನಡೆಯಿತು. ಅವನ ಕಟ್ಟಳೆಗಳಲ್ಲಿ ಒಂದು, ಬೆಲ್ಟನ್ನು ಬಿಚ್ಚಬಾರದು ಎನ್ನುವುದು. ಬಿಚ್ಚಿ ಹಾಕಿ ಮಾಡಿದರೆ ಗುಂಡಿ ಸಡಿಲವಾಗುತ್ತದೆ, ಸುತ್ತಲಿನ ಮೆರುಗು ಏಳುತ್ತದೆ. ಮಾವನ ಮಾತು ಬೇರೆ ಇತ್ತು. ಹಳೇ ಲ್ಯಾಕರು ಎಷ್ಟು ವರ್ಷವಾದರೂ ಪೂರ್ತಿ ಒಣಗಿದ್ದಲ್ಲ ಮಗಳೇ, ರಬ್ಬರು ರೆಕ್ಸಿನ್ನು ತಾಗಿಸಿ ಮುಚ್ಚಿಟ್ಟರೆ ಬೆಣ್ಣೆಯ ಹಾಗೆ ಕರಗುತ್ತೆ, ಸೆಕೆಗಾಲದಲ್ಲಂತೂ ಕೇಳಲೇಬೇಡ. ಹಾಗಾಗಿ ಅವಳು ಇಷ್ಟು ದಿನವೂ ಕದ್ದು ಬೆಲ್ಟು ಬಿಚ್ಚುತ್ತಿದ್ದಳು. ಬಿಚ್ಚಿ ಬೇರೆ ಇಟ್ಟು, ಅವನು ಬರುವ ಮುನ್ನ ಶನಿವಾರ ಮತ್ತೆ ಸಿಕ್ಕಿಸುತ್ತಿದ್ದಳು. ಆ ದಿನ ಕೈ ಗುಂಡಿಯವರೆಗೆ ಹೋಗಿ ನಿಂತಿತು. ಎಷ್ಟು ಹೊತ್ತು ನಿಂತಿತೋ. ಆಮೇಲೆ ಬೆಲ್ಟನ್ನು ಬೆನ್ನಿನ ಅಡಿಗೆ ಸರಿಸಿ, ಅದರ ಮೇಲೆ ಗಿಟಾರು ಮಲಗಿಸಿ, ಮುಚ್ಚಳ ಹಾಕಿ ಚಿಲಕ ಒತ್ತಿದಳು. ಅವತ್ತು ಅವಳು ಮೈದುನ ಹೇಳಿದ ಮಾತು ಕೇಳಿದಳು. ಆಮೇಲಿನ ಎರಡು ಭಾನುವಾರ ಅವನು ಊರಲ್ಲಿರಲಿಲ್ಲ. ಅವಳಿಗೂ ನುಡಿಸಬೇಕು ಅನ್ನಿಸಲಿಲ್ಲ, ಅಥವಾ ಅನ್ನಿಸಿದ್ದನ್ನು ತಾನು ದುಡಿಯುವ ಕನ್ನಡಕದ ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ತಳ್ಳಿಹಾಕಿದಳು. ಹೊರಗೆ ಸೆಕೆ ಸುಡುತ್ತಿತ್ತು.

ನಲ್ಲಿ ನಿಂತಿತು. ಒಂದು ಕೆನ್ನೆಗೆ ನೊರೆ ಉಳಿಸಿಕೊಂಡೇ ಗಂಡ ಬಂದ.

"ಏನೇ, ಹಾಗೆ ಕೂತಿದ್ದೀಯ?"

"ಬೆಲ್ಟು ತಾಗಿ ಪಾಲಿಶ್ ಕರಗಿದೆ ರೀ."

ಅವನು ಬಗ್ಗಿ ನೋಡಿದ. ನೊರೆಯ ಒಂದು ಹನಿ ಬೀಳುವುದರಲ್ಲಿತ್ತು. ಅವಳು ಗಿಟಾರನ್ನು ಪಕ್ಕಕ್ಕೆ ಸರಿಸಿದಳು. "ಸಂಜೆ ಅವನು ಸಂಘದ ಕಾರ್ಯದರ್ಶೀನ ಕರ್ಕೊಂಡು ಬರ್ತಾನಲ್ಲೇ. ಇವತ್ತೇ ತಗೊಂಡು ಹೋಗ್ತಾರಂತೆ" ಎಂದ.

"ಗೊತ್ತು."

"ಏನಾದ್ರೂ ಹಚ್ಚಿ ಉಜ್ಜಿದ್ರೆ ಹೋಗಲ್ವಾ?"

"ಹೋಗಲ್ಲ."

"ಹಾಗಾದ್ರೆ ಅವನು ನೋಡೋ ಮುಂಚೆ ನೀನೇ ಹೇಳಿ ಸಾರಿ ಅಂದ್ಬಿಡು. ಒಂದು ಮಾತು ಅಂದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಮತ್ತೆ ಬಚ್ಚಲಿಗೆ ಹೋದ. ಅಲ್ಲಿಂದಲೇ, ಕೆನ್ನೆ ಊದಿಸಿಕೊಂಡ ದನಿಯಲ್ಲಿ, "ನಿನಗೆ ಬೇರೆ ಒಂದು ತಗೊಳ್ಳೋಣ ಬಿಡು, ಹೊಸದು" ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ. ಅಂಥವನ ಜೊತೆ ಬಾಳುವುದು ಸುಲಭ. ಹಾವು ಮಾತ್ರ ಮನೆಯಲ್ಲೇ ಉಳಿದಿರುತ್ತದೆ.

ಸಾರಿ ಎನ್ನುವುದರಲ್ಲಿ ಅವಳಿಗೆ ಅಭ್ಯಾಸವಿರಲಿಲ್ಲ ಎಂದಲ್ಲ. ಕನ್ನಡಕದ ಅಂಗಡಿಯಲ್ಲಿ ಅವಳು ದಿನವಿಡೀ ಅನ್ನುತ್ತಿದ್ದದ್ದು ಅದನ್ನೇ. ಟೈಯ ತುದಿಯಲ್ಲಿ, ಪೇಪರಿನಲ್ಲಿ, ಉಪ್ಪು ಚೆಲ್ಲಿದ ಹಾಗೆ ಧೂಳು ಕೂತಾಗ ಒಣ ಬೆರಳಲ್ಲಿ ಒರೆಸಿ ಒರೆಸಿ ಗಾಜನ್ನು ಮಬ್ಬು ಮಾಡಿಕೊಂಡವರು ಬಂದು, "ನೀವು ಕೊಟ್ಟದ್ದೇ ಹೀಗಿತ್ತು" ಎನ್ನುತ್ತಾರೆ. ಅವಳು ಸಾರಿ ಸರ್ ಎನ್ನುತ್ತಾಳೆ. ಫ್ರೇಮಿನ ಮೇಲೆ ಕೂತು ಎದ್ದವರ ಕಡ್ಡಿಗಳನ್ನು ಬಿಸಿಗಾಳಿ ಹಿಡಿದು ಮೆತ್ತಗೆ ಮಾಡಿ ನೇರ ಮಾಡುತ್ತ ಮತ್ತೆ ಸಾರಿ ಎನ್ನುತ್ತಾಳೆ. ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಕುಂಬಳಕಾಯಿಯ ಮುಖವನ್ನೇ ಕಾಣದೆ ಇಷ್ಟು ವರ್ಷ ಹೆಗಲು ಮುಟ್ಟಿಕೊಂಡೇ ಬಂದವಳು. ಈಗ ನಿಜವಾಗಿ ಕದ್ದಿದ್ದಾಳೆ. ಕೈ ಹೆಗಲಿಗೆ ಹೋಗುತ್ತಿಲ್ಲ. ಇದೇನಿದು, ನಾಚಿಕೆ ಎಲ್ಲಿ ಹೋಯಿತು ಎಂದು ಹುಡುಕಿದಳು. ನಾಚಿಕೆ ಇತ್ತು, ಆದರೆ ಅದು ಮೈದುನನ ಕಡೆಗಲ್ಲ, ಮರದ ಕಡೆಗೆ. ಆ ಬೆನ್ನನ್ನು ಎಷ್ಟು ವರ್ಷ ಹೊಟ್ಟೆಗೊರಗಿಸಿಕೊಂಡಿದ್ದಳು, ತಂತಿ ಮೀಟಿದಾಗಲೆಲ್ಲ ಅದು ಹೊಟ್ಟೆಯೊಳಗೆ ಗುಂಯ್ ಎನ್ನುತ್ತಿತ್ತು. ಅದನ್ನು ಸುಟ್ಟಳು. ಚೀಲದಿಂದ ಗಾಜು ಒರೆಸುವ ದ್ರವದ ಪುಟ್ಟ ಬಾಟಲಿ ತೆಗೆದು ಬಟ್ಟೆಗೆ ಎರಡು ಹನಿ ಹಾಕಿದಳು. ಗುರುತಿನ ಮೇಲೆ ಇಡುವಷ್ಟರಲ್ಲಿ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದು ಎಚ್ಚರವಾಯಿತು. ಇದನ್ನು ಹಚ್ಚಿದರೆ ಉಳಿದದ್ದೂ ಹೋಗುತ್ತದೆ. ಬಟ್ಟೆಯನ್ನು ಕಿಟಕಿಯಾಚೆ ಎಸೆದಳು, ಕೆಳಗೆ ಯಾರದೋ ಬಾಲ್ಕನಿಯ ಕುಂಡದ ಮೇಲೆ ಅದು ಬಿತ್ತು.

ಗಂಡ ಹೊರಗೆ ಹೋದ ಮೇಲೆ ಅವಳೂ ಪೆಟ್ಟಿಗೆ ಎತ್ತಿಕೊಂಡು ಹೊರಟಳು. ಯಾಕೆ ಹೊರಟೆ ಎಂದು ಬಸ್ಸಿನಲ್ಲಿ ಕೂತ ಮೇಲೂ ಖಚಿತವಿರಲಿಲ್ಲ. ಪೆಟ್ಟಿಗೆ ಇಬ್ಬರ ಜಾಗ ಹಿಡಿಯಿತು, ಕಂಡಕ್ಟರು, "ಇದಕ್ಕೂ ಟಿಕೆಟ್ ಹರಿಯಲಾ?" ಎಂದು ನಕ್ಕ. ಬಸ್ಸು ಸೇತುವೆ ಹತ್ತುವಾಗ ಹೆಂಗಸೊಬ್ಬಳು ಆತುಕೊಳ್ಳಲು ಪೆಟ್ಟಿಗೆಯ ಮೇಲೆ ಕೈಯಿಟ್ಟಳು, ಇವಳು ಅಭ್ಯಾಸಬಲದಿಂದ ಆ ಕೈಗುರುತನ್ನು ಅಂಗಿಯ ತುದಿಯಲ್ಲಿ ಒರೆಸಿದಳು. ಒರೆಸಿ, ತನ್ನ ಮೇಲೇ ಸಿಟ್ಟಾದಳು. ವಾದ್ಯ ರಿಪೇರಿಯ ಅಂಗಡಿ ಬೀದಿಯ ಕೊನೆಯಲ್ಲಿ, ಸೈಕಲ್ ಅಂಗಡಿಯ ಪಕ್ಕದಲ್ಲಿತ್ತು. ರಿಪೇರಿಯವನು ಬಾಯಿ ತುಂಬ ಮಾತಾಡುವ ದಡಿಯ. ಗಿಟಾರಿನ ಬೆನ್ನನ್ನು ಬಾಗಿಲ ಬೆಳಕಿಗೆ ಹಿಡಿದು ಲೊಚಗುಟ್ಟಿದ.

"ಅಯ್ಯಯ್ಯೋ, ರೆಕ್ಸಿನ್ ಬೆಲ್ಟು! ಯಾರ್ರೀ ತಂದುಕೊಟ್ಟೋರು ಇದನ್ನ?"

"ಜೋಪಾನ ಮಾಡೋರು."

ಅವನು ಗಹಗಹಿಸಿ ನಕ್ಕ. "ಚಿಂತೆ ಬಿಡಿ. ಪೂರ್ತಿ ಕೆರೆದು ಹೊಸದಾಗಿ ಹೊಡೆದುಬಿಡ್ತೀನಿ. ಬೆನ್ನು ಒಂದೇ ಯಾಕೆ, ಮುಂದೇನೂ ಹೊಡೆಯೋಣ. ಇಲ್ಲಿ ತೋಳು ತಿಂದಿದೆಯಲ್ಲ, ಇದೂ ಮುಚ್ಚಿಹೋಗುತ್ತೆ. ಬೆಳಿಗ್ಗೆ ಎದ್ದು ನೀವು ಇದರಲ್ಲೇ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು, ಹಂಗೆ ಮಾಡ್ತೀನಿ." ಹೇಳುತ್ತ ಹೇಳುತ್ತ ಮಾವನ ತೋಳು ಸವೆಸಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ಗೋಡೆಗೆ ಹೊಸ ಮೆರುಗು ಹೊಡೆದ ಗಿಟಾರುಗಳು ಸಾಲಾಗಿ ತೂಗಿದ್ದವು, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಹೊಳೆಯುತ್ತಿದ್ದವು. ಒಂದರ ಮೇಲೂ ಯಾರೋ ನುಡಿಸಿದ ಗುರುತಿರಲಿಲ್ಲ. ಅವಳು ತಾನು ಎಲ್ಲಿಗೆ ಬಂದಿದ್ದೇನೆಂದು ಕಂಡುಕೊಂಡಳು: ಮೈದುನನ ಗಾಜಿನ ಕಪಾಟಿಗೇ ಬಂದಿದ್ದಳು, ಅದೂ ತನ್ನ ಕಾಲ ಮೇಲೆ ನಡೆದು.

"ಬೇಡ," ಎಂದು ಗಿಟಾರನ್ನು ಕಿತ್ತುಕೊಂಡಳು. ಕಿತ್ತುಕೊಂಡ ರಭಸಕ್ಕೆ ತಂತಿಗಳು ಝಣ್ ಎಂದವು.

"ಯಾರದ್ದಮ್ಮ ಗಿಟಾರು?"

"ನನ್ನ ಮೈದುನಂದು."

"ಹಾಗಾದ್ರೆ ಅವರನ್ನೇ ಕಳಿಸಿ. ನಿಮ್ಮ ಹತ್ರ ನನಗೇನು ಮಾತು?" ಎಂದು ರಿಪೇರಿಯವನು ಬೇರೆ ಕೆಲಸಕ್ಕೆ ತಿರುಗಿದ. ಅವಳ ಕಿವಿ ಬಿಸಿಯಾಯಿತು. ಬಸ್ ಸ್ಟಾಪಿನವರೆಗೂ ಆ ಮಾತಿಗೆ ಉತ್ತರ ಹುಡುಕಿದಳು, ಬಸ್ಸು ಬಂದ ಮೇಲೆ ಸಿಕ್ಕಿತು, ಆದರೆ ಅದನ್ನು ಕೇಳಬೇಕಾದವನು ಅಲ್ಲಿರಲಿಲ್ಲ.

ಮನೆಗೆ ಬಂದವಳು ಬಾಗಿಲು ಹಾಕಿ, ಬೆಲ್ಟನ್ನು ಬಿಚ್ಚಿ ಮೂಲೆಗೆಸೆದು, ಕುರ್ಚಿಯಲ್ಲಿ ಕೂತು ನುಡಿಸಿದಳು. ಗುಂಡಿಯ ಅಂಗಿ, ಕೈಯಲ್ಲಿ ಬಳೆ, ತೋಳು ಬರಿದು. ಬೆವರಿದ ತೋಳು ಮಾವ ಸವೆಸಿದ ಜಾಗದಲ್ಲಿ ಸರಿಯಾಗಿ ಕೂತಿತು. ಉಣ್ಣೆಯಿಲ್ಲದೆ ಹೀಗೆ ಕೂತು ಎಷ್ಟು ಕಾಲವಾಗಿತ್ತು. ದೊಡ್ಡ ವಿದುಷಿಯೇನಲ್ಲ ಅವಳು. ನಾಲ್ಕಾರು ರಾಗ ಗೊತ್ತು, ಅದರಲ್ಲೂ ಒಂದೆರಡರಲ್ಲಿ ಎಡಗೈಯ ಕಿರುಬೆರಳು ಇವತ್ತಿಗೂ ಮೋಸ ಮಾಡುತ್ತದೆ. ಸಂಘದ ವೇದಿಕೆಯಲ್ಲಿ ಅವಳನ್ನು ಯಾರೂ ಕೂರಿಸುವುದಿಲ್ಲ, ಕೂರಿಸಬೇಕೆಂದು ಅವಳಿಗೂ ಇಲ್ಲ. ಆದರೆ ಅಂಗಡಿಯಿಂದ ಬಂದು ಚಹಾ ಕುಡಿದು ಕತ್ತಲಾಗುವವರೆಗೆ ನುಡಿಸುವ ಆ ಹೊತ್ತಿನಲ್ಲಿ ಅವಳು ಯಾರಿಗೂ ಸಾರಿ ಹೇಳಬೇಕಾಗಿರಲಿಲ್ಲ. ದಿನದಲ್ಲಿ ಅಂಥದ್ದು ಇನ್ನೊಂದು ಹೊತ್ತಿರಲಿಲ್ಲ. ಬೇರೆ ಗಿಟಾರು ಬರಬಹುದು, ಅದೂ ನುಡಿಯಬಹುದು. ಇದೇ ಬೇಕು ಎನ್ನುವುದಕ್ಕೆ ಮಾವನ ನೆನಪು ಎಂದು ಕಾರಣ ಕೊಡಬಹುದಿತ್ತು, ಆದರೆ ನೆನಪಿನ ಲೆಕ್ಕಕ್ಕೆ ಬಂದರೆ ಮಗನ ಪಾಲೇ ಹೆಚ್ಚು. ಕಾರಣ ಗೀರಣ ಇಲ್ಲ, ಇದು ಬೇಕು. ಅಷ್ಟು ಸ್ಪಷ್ಟವಾಗಿ ಅವಳು ಜೀವನದಲ್ಲಿ ಏನನ್ನೂ ಬಯಸಿರಲಿಲ್ಲ. ಆ ಬಯಕೆಗೆ ಬಾಯಿ ಕೊಡುವುದರ ಬದಲು ಅವಳು ರೆಕ್ಸಿನ್ ಬೆಲ್ಟು ಕೊಟ್ಟಿದ್ದಳು: ಬೆನ್ನು ಸುಟ್ಟುಹೋದ ಗಿಟಾರನ್ನು ಗಾಜಿನೊಳಗೆ ಯಾರು ಇಡುತ್ತಾರೆ? ಹಾಳಾಯಿತು ಎಂದು ಮುಖ ಸಿಂಡರಿಸಿ ಬಿಟ್ಟುಹೋಗುತ್ತಾರೆ. ಹಾಳಾದದ್ದು ತನಗೆ ಉಳಿಯುತ್ತದೆ. ಬೈಗುಳ ಒಂದು ಸಂಜೆಯ ಮಾತು. ಹೀಗೆ ಯೋಚಿಸಿದಾಗ ಬೆಳಗಿನ ಆ ಸಂತೋಷಕ್ಕೆ ಹೆಸರು ಸಿಕ್ಕಿತು. ಹೆಸರು ಸಿಕ್ಕ ಕೂಡಲೇ ಅದು ಸ್ವಲ್ಪ ಚಿಕ್ಕದಾಯಿತು.

ಸಂಜೆ ಅವರು ಬಂದರು. ಕಾರ್ಯದರ್ಶಿ ತೆಳ್ಳಗಿನ, ಸಜ್ಜನಿಕೆಯ ಮುದುಕರು, ಜೇಬಿನಲ್ಲಿ ಅಳತೆಯ ಟೇಪು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಮಾವನ ಗುಣಗಾನ ಶುರುಮಾಡಿದರು. ಮೈದುನ ಹೊಸ ಅಂಗಿ ಹಾಕಿದ್ದ. ಗಂಡ ಚಹಾದ ತಟ್ಟೆ ಹಿಡಿದು ಅಡುಗೆಮನೆಗೂ ಹಾಲಿಗೂ ಓಡಾಡುತ್ತ, ಅವಳ ಕಡೆ ಹುಬ್ಬು ಹಾರಿಸಿ ಹೇಳು, ಹೇಳಿಬಿಡು ಎಂದು ಸನ್ನೆ ಮಾಡುತ್ತಿದ್ದ. ಅವಳು ಹೇಳಲಿಲ್ಲ. ಪೆಟ್ಟಿಗೆಯನ್ನು ತಂದು ತೆರೆದು, ಗಿಟಾರನ್ನು ಬೆನ್ನು ಮೇಲೆ ಮಾಡಿ ಸೋಫಾದ ಮೇಲೆ ಮಲಗಿಸಿದಳು. ಮೈದುನ ಟಾರ್ಚು ಹಚ್ಚುವ ಅಗತ್ಯವೇ ಬೀಳಲಿಲ್ಲ.

"ಏನು ಮಾಡಿದ್ರಿ ಅತ್ತಿಗೆ?" ದನಿ ಸಣ್ಣದಾಗಿತ್ತು, ಚಾಪೆಯ ಮೇಲೆ ಜ್ವರದಲ್ಲಿ ಮಲಗಿದ್ದ ಹುಡುಗನ ದನಿ.

"ನೀನು ಹೇಳಿದ ಹಾಗೇ. ಬೆಲ್ಟು ಬಿಚ್ಚಲಿಲ್ಲ."

ಅದು ನಿಜವಾಗಿತ್ತು, ಮತ್ತು ಅಂಥ ಹೇಡಿ ಮಾತನ್ನು ಅವಳು ಹಿಂದೆಂದೂ ಆಡಿರಲಿಲ್ಲ. ಮೈದುನ ಸೋಫಾದ ಮುಂದೆ ಕುಕ್ಕರಗಾಲಲ್ಲಿ ಕೂತು ಗುರುತಿನ ಉದ್ದಕ್ಕೂ ಬೆರಳನ್ನು ತಾಗಿಸದೆ ಗಾಳಿಯಲ್ಲೇ ಆಡಿಸಿದ. "ಬೆಲ್ಟಾ? ನಾನು ತಂದ ಬೆಲ್ಟಾ?" ಎಂದ. ಅವನ ಮುಖ ಬಿಳುಚಿತು. ತಪ್ಪು ತನ್ನದೇ ಎಂದು ಅವನು ಒಪ್ಪಿಕೊಳ್ಳತೊಡಗಿದ್ದ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಎಲ್ಲವೂ ಅವನ ಹೆಗಲಿಗೆ ಹೋಗುತ್ತಿತ್ತು. ಆಗ ಕಾರ್ಯದರ್ಶಿ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿ, ಗಿಟಾರನ್ನು ಮಗುಚಿ, ಮಗು ಬಿದ್ದಾಗ ಸಮಾಧಾನ ಮಾಡುವ ಹಾಗೆ ಹೇಳಿದರು:

"ಬೆನ್ನು ತಾನೆ? ಬಿಡಿ, ಅದು ಗೋಡೆ ಕಡೆ ಬರುತ್ತೆ. ಯಾರಿಗೂ ಕಾಣಲ್ಲ. ಮುಂದೆ ನೋಡಿ ಎಷ್ಟು ಚೆನ್ನಾಗಿದೆ! ದೀಪ ಬಿದ್ದರೆ ಕಣ್ಣು ಕೋರೈಸುತ್ತೆ."

ಗಂಡ ನಿಟ್ಟುಸಿರು ಬಿಟ್ಟ. "ನೋಡು, ನಾನು ಹೇಳ್ಲಿಲ್ವಾ," ಎಂದ, ಏನು ಹೇಳಿದ್ದನೋ. ಮೈದುನನ ಮುಖಕ್ಕೆ ಮೆಲ್ಲಗೆ ರಕ್ತ ಮರಳಿತು. ಕಾರ್ಯದರ್ಶಿ ಟೇಪನ್ನು ಎಳೆದು ಗಿಟಾರಿನ ಉದ್ದ ಹಿಡಿದರು. ಅವಳು ಆ ಟೇಪನ್ನೇ ನೋಡಿದಳು. ಇದನ್ನು ಅವಳು ಯೋಚಿಸಿರಲಿಲ್ಲ. ಗಾಜಿನ ಕಪಾಟಿಗೆ ಬೆನ್ನಿಲ್ಲ. ಅದಕ್ಕೆ ದನಿಯೂ ಬೇಡ, ಹೊಟ್ಟೆಗೊರಗುವುದೂ ಬೇಡ, ಮುಖವೊಂದಿದ್ದರೆ ಸಾಕು. ಸುಮ್ಮಸುಮ್ಮನೆ ಸುಟ್ಟಳಲ್ಲ. ಆಡಬೇಕಾದ ಒಂದು ಮಾತನ್ನು ತಾನು ಆಡಲಾರದೆ, ಮೂಕ ಮರದ ಬೆನ್ನ ಮೇಲೆ ಬರೆ ಎಳೆದು ಅದರ ಕೈಲಿ ಆಡಿಸಲು ಹೋದಳಲ್ಲ. ನಾಚಿಕೆ ಮೈಯೆಲ್ಲ ಉರಿಯಿತು. ಉರಿದು ಉರಿದು ಅದು ಸಿಟ್ಟಾಯಿತು. ಸಿಟ್ಟು ಮೈದುನನ ಮೇಲಲ್ಲ, ಆ ಮುದುಕರ ಮೇಲೂ ಅಲ್ಲ. ಪಾತ್ರೆ ಒರೆಸುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆ ದೊಡ್ಡ ಗುಣದ ಹೆಂಗಸಿನ ಮೇಲೆ. ಟೇಪಿನ ಅಡಿಯಿಂದ ಗಿಟಾರನ್ನು ಎತ್ತಿಕೊಂಡಳು. ಟೇಪು ಸರ್ರನೆ ಸುತ್ತಿಕೊಂಡು ಕಾರ್ಯದರ್ಶಿಯ ಕೈಗೆ ಹೊಡೆಯಿತು.

"ಕೊಡಲ್ಲ," ಎಂದಳು. ಮುರಿದ ಫ್ರೇಮು ತಂದವರಿಗೆ ಇದು ಕೂಡಲ್ಲ ಎಂದು ಹೇಳುವ ದನಿಯೇ ಬಂತು, ಏರಲೂ ಇಲ್ಲ, ನಡುಗಲೂ ಇಲ್ಲ.

"ಏನಂದ್ರಿ?"

"ಕೊಡಲ್ಲ ಅಂದೆ. ಇನ್ನೊಂದು ಮಾತು ಕೇಳು. ಬೆಲ್ಟು ತಾಗಿದ್ರೆ ಕರಗುತ್ತೆ ಅಂತ ನನಗೆ ಗೊತ್ತಿತ್ತು. ಮಾವ ಹೇಳಿದ್ರು. ಪ್ರತಿ ಸಲ ಬಿಚ್ಚಿಡ್ತಿದ್ದೆ, ಅವತ್ತು ಗೊತ್ತಿದ್ದೇ ಬಿಚ್ಚಲಿಲ್ಲ. ತಪ್ಪು ನಿನ್ನದಲ್ಲ. ಬೈಯೋದಾದ್ರೆ ಬೈಯಿ, ನಿಂತು ಕೇಳ್ತೀನಿ. ಆದ್ರೆ ಕೊಡಲ್ಲ."

ಗಂಡ ಚಹಾದ ತಟ್ಟೆಯನ್ನು ಕೆಳಗಿಟ್ಟ. "ಲೇ, ಏನೇ ಇದು... ಹೀಗೆ ಮಾಡೋಣ, ಆರು ತಿಂಗಳು ಅಲ್ಲಿರಲಿ, ಆರು ತಿಂಗಳು ಇಲ್ಲಿ..." ಯಾರೂ ಅವನ ಕಡೆ ತಿರುಗಲಿಲ್ಲ.

"ಅದು ನಿಮ್ಮದಲ್ಲ ಅತ್ತಿಗೆ," ಎಂದ ಮೈದುನ.

"ಅಲ್ಲ."

"ನನ್ನ ಅಪ್ಪಂದು."

"ಹೌದು."

"ಮತ್ತೆ?"

"ಮತ್ತೇನಿಲ್ಲ. ನನಗೆ ಬೇಕು." ಅಲ್ಲಿಗೆ ನಿಲ್ಲಿಸಬೇಕೆಂದಿದ್ದಳು, ಆದರೆ ಅವನ ಮುಖ ನೋಡಿದಾಗ ಇನ್ನೊಂದು ಮಾತು ತಾನಾಗಿಯೇ ಬಂತು: "ನಿನಗೂ ಬೇಕು ಅಂದ್ರೆ ಇಲ್ಲಿ ಬಾ. ಕೂತ್ಕೋ. ನಾನು ಕಲಿಸ್ತೀನಿ. ಮಡಿಲಲ್ಲಿ ಇಟ್ಕೊಂಡು ನೋಡು ಒಂದು ಸಲ."

ಅವನು ಒಂದು ಹೆಜ್ಜೆ ಮುಂದೆ ಬಂದ. ಕೈ ಚಾಚಿದ. ಮಾವನ ತೋಳು ಸವೆಸಿದ ಆ ಬರಿಯ ಮರದ ಪಕ್ಕದಲ್ಲಿ, ಮೆರುಗಿನ ಮೇಲೆ, ಅವನ ಬೆರಳು ತಾಗಿತು. ಅರೆಗಳಿಗೆ ಅಲ್ಲೇ ಇತ್ತು. ಆಮೇಲೆ ಬೆಂಕಿ ಮುಟ್ಟಿದವನಂತೆ ಕೈ ಹಿಂದೆಗೆದುಕೊಂಡು, ಜೇಬಿನಿಂದ ಕರ್ಚೀಫು ತೆಗೆದು, ತನ್ನದೇ ಬೆರಳ ಗುರುತನ್ನು ಮೆಲ್ಲಗೆ, ಗುಂಡಗೆ, ಎರಡು ಸಲ ಒರೆಸಿದ. ಸಾರಿ ಎನ್ನುವ ಮಾತು ಅವಳ ನಾಲಗೆಯ ತುದಿಗೆ ಬಂದು ಕೂತಿತು, ದಿನಕ್ಕೆ ನೂರು ಸಲ ಆಡಿ ನಯವಾದ ಮಾತು. ತುಟಿ ತೆರೆದರೆ ಸಾಕು, ಜಾರಿ ಬೀಳುತ್ತಿತ್ತು. ಅವಳು ಅದನ್ನು ನುಂಗಿದಳು. "ಇನ್ನು ಈ ಮನೆ ಮೆಟ್ಟಿಲು ಹತ್ತಲ್ಲ ನಾನು," ಎಂದು ಅವನು ಬಾಗಿಲ ಕಡೆ ತಿರುಗಿದ. ಹತ್ತದೆ ಇರಬಹುದು, ಭಾನುವಾರಗಳು ಖಾಲಿಯಾಗಬಹುದು, ಗಂಡ ತಿಂಗಳುಗಟ್ಟಲೆ ಮುಖ ಊದಿಸಬಹುದು, ಅದೆಲ್ಲ ನೋಯುತ್ತದೆ, ನೋಯಲಿ. ಗಿಟಾರನ್ನು ಎಡಗೈಯಲ್ಲಿ ಹೊಟ್ಟೆಗೆ ಒತ್ತಿಕೊಂಡೇ ಅವಳು ಬಲಗೈಯಿಂದ ಪೆಟ್ಟಿಗೆಯ ಮುಚ್ಚಳ ಹಾಕಿ, ಚಿಲಕ ಒತ್ತಿ, ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ ಕಾರ್ಯದರ್ಶಿಯ ಕೈಗೆ ಅದರ ಹಿಡಿಕೆ ಕೊಟ್ಟಳು. ಖಾಲಿ ಪೆಟ್ಟಿಗೆ ಇಷ್ಟು ಹಗುರವಿರುತ್ತದೆ ಎಂದು ತಿಳಿಯದೆ ಮುದುಕರ ತೋಳು ಮೇಲಕ್ಕೆ ಹಾರಿತು.

"ಇದು ಅವನು ತಂದದ್ದು, ತಗೊಂಡು ಹೋಗಿ," ಎಂದಳು. "ಗಾಜಿನೊಳಗೆ ಇದನ್ನೇ ಇಡಿ. ಒಂದು ಗೀರೂ ಬಿದ್ದಿಲ್ಲ."